ನಮ್ಮ ಪಾಸ್ಟರ್‌ಗೆ ವಯಸ್ಸಾಯ್ತು, ಮುಂದೆ ಸಭೆ ನಡೆಸೋರು ಯಾರು? ನಿಮ್ಮಲ್ಲಿ ಹೇಗೆ ಮಾಡಿದ್ರಿ ಹೇಳಿ

ತುಂಗಭದ್ರಾ ದಂಡೆ:
ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ದಾವಣಗೆರೆ ಹತ್ರ ಒಂದು ಚಿಕ್ಕ ಸ್ವತಂತ್ರ ಸಭೆ ನಮ್ದು. ಪಾಸ್ಟರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ತಗಡಿನ ಶೆಡ್ಡಲ್ಲಿ ಶುರು ಮಾಡಿದ್ದು, ಈಗ ಸ್ವಂತ ಕಟ್ಟಡ ಇದೆ, ಸಂಡೇ ಸ್ಕೂಲ್ ಇದೆ, ಸ್ತ್ರೀಯರ ಕೂಟ ಇದೆ, ಎಲ್ಲಾ ದೇವರ ಕೃಪೆ. ನಾನು ಲೆಕ್ಕ ನೋಡ್ಕೊಳ್ತೀನಿ. ವಿಷ್ಯ ಏನಂದ್ರೆ ಪಾಸ್ಟರ್‌ಗೆ ಎಪ್ಪತ್ತು ದಾಟಿದೆ, ಶುಗರ್ ಇದೆ, ಮಂಡಿ ನೋವು ಬೇರೆ, ಮನೆ ಭೇಟಿ ಹೆಚ್ಚುಕಮ್ಮಿ ನಿಂತೇ ಹೋಗಿದೆ, ಆದ್ರೂ ಪ್ರಸಂಗ ಅವರೇ, ಕರ್ತನ ಭೋಜನ ಅವರೇ, ದೀಕ್ಷಾಸ್ನಾನ ಅವರೇ, ಚೆಕ್ಕಿಗೆ ಸಹಿನೂ ಅವರದ್ದೇ. ಮುಂದೆ ಯಾರು ಅಂತ ಕೇಳಿದ್ರೆ "ದೇವರು ತೋರಿಸ್ತಾರೆ" ಅಂತಾರೆ.

ಕಮಿಟೀಲಿ ಆಗಲೇ ಮೂರು ಗುಂಪಾಗಿದೆ. ಕೆಲವರು ಬೆಂಗಳೂರಲ್ಲಿರೋ ಪಾಸ್ಟರ್ ಮಗ ಬರ್ಲಿ ಅಂತಾರೆ, ಕೆಲವರು ಥಿಯಾಲಜಿ ಓದಿರೋರನ್ನ ಹೊರಗಿಂದ ಕರೆಸೋಣ ಅಂತಾರೆ, ಇನ್ನು ಕೆಲವರು ಇಲ್ಲೇ ಬೆಳೆದ ಹುಡುಗ ಇದಾನಲ್ಲ, ಆರಾಧನೆ ನಡೆಸ್ತಾನೆ, ಯೌವನಸ್ಥರ ಕೂಟ ಅವನೇ ನೋಡ್ಕೊಳ್ತಾನೆ, ಅವನೇ ಆಗ್ಲಿ ಅಂತಾರೆ. ನನಗೆ ಪಾಸ್ಟರ್ ಅಂದ್ರೆ ತಂದೆ ಸಮಾನ, ನನ್ನ ಮದುವೆ ಮಾಡಿಸಿದ್ದೂ ಅವರೇ ನಮ್ಮಪ್ಪನ ಮಣ್ಣು ಮಾಡಿಸಿದ್ದೂ ಅವರೇ, ಅವರ ಮನಸ್ಸು ನೋಯಿಸೋಕೆ ಇಷ್ಟ ಇಲ್ಲ, ಆದ್ರೆ ಹೀಗೇ ಸುಮ್ನಿದ್ರೆ ಸಭೆ ಒಡೆದು ಹೋಗುತ್ತೆ ಅನ್ನೋ ಭಯ. ನಿಮ್ಮ ಕಡೆ ಇದು ಹೇಗಾಯ್ತು, ನಿಜವಾಗಿ ಏನ್ ಮಾಡಿದ್ರಿ, ದಯವಿಟ್ಟು ಬರೀರಿ.

ಧಾರವಾಡದ ಮಾಸ್ತರ:
ನಮಸ್ಕಾರ ತಮ್ಮಾ. ದೇವರು ತೋರಸ್ತಾನ ಅನ್ನೂದು ಖರೇನ ಐತಿ, ಆದ್ರ ಇಸ್ರಾಯೇಲ್ಯರನ್ನ ನಡೆಸಿದ ಮೋಶೆ ಸುಮ್ಮನ ಕುಂತಿದ್ದಿಲ್ಲ ನೋಡ್ರಿ. ಬೈಬಲಿನ ಅರಣ್ಯಕಾಂಡ 27ನೇ ಅಧ್ಯಾಯದಾಗ ಅಂವಾ ತಾನಾಗೇ ಬೇಡ್ಕೋತಾನ, ಈ ಜನ ಕುರುಬ ಇಲ್ಲದ ಕುರಿಯಂಗ ಆಗಬಾರದು, ಇವರ ಮ್ಯಾಲೆ ಒಬ್ಬನ್ನ ನೇಮಿಸು ಅಂತ. ಕೇಳಿದಾಂವ ಮುದುಕ ಮೋಶೆ, ಜನ ಬಂದು ಒತ್ತಾಯ ಮಾಡಿದ್ದಲ್ಲ. ಆಮ್ಯಾಲೆ ಎಲ್ಲಾರ ಎದುರಿಗೆ ತನ್ನ ಸೇವಕ ಯೆಹೋಶುವನ ತಲಿ ಮ್ಯಾಲೆ ಕೈ ಇಟ್ಟು, ತನ್ನ ಅಧಿಕಾರದಾಗ ಒಂದಿಷ್ಟು ತಾನು ಜೀವಂತ ಇರೂವಾಗನ ಅವಂಗ ಕೊಟ್ಟ.

ಆದ್ರ ಅದು ಒಂದ ದಿನದಾಗ ಆದದ್ದಲ್ಲ. ವಿಮೋಚನಕಾಂಡ 17ಕ್ಕ ಹೋಗ್ರಿ, ಅಮಾಲೇಕ್ಯರ ಜೋಡಿ ಕಾದಾಟಕ್ಕ ಕೆಳಗ ಇಳದಾಂವ ಯೆಹೋಶುವ, ಗುಡ್ಡದ ಮ್ಯಾಲೆ ಕೈ ಎತ್ತಿ ನಿಂತಾಂವ ಮೋಶೆ. 33ರಾಗ ಮೋಶೆ ದೇವದರ್ಶನದ ಗುಡಾರ ಬಿಟ್ಟು ಪಾಳ್ಯಕ್ಕ ಹೋದ್ರೂ ಈ ಹುಡುಗ ಗುಡಾರ ಬಿಟ್ಟು ಕದಲ್ತಿದ್ದಿಲ್ಲ. ಅರಣ್ಯಕಾಂಡ 11ರಾಗ ಎಲ್ದಾದ, ಮೇದಾದ ಅನ್ನೂ ಇಬ್ಬರು ಪಾಳ್ಯದಾಗ ಪ್ರವಾದಿಸಾಕ ಹತ್ತಿದಾಗ ಯೆಹೋಶುವ ಅವರನ್ನ ನಿಲ್ಲಸ್ರಿ ಅಂತ ಬಂದ, ಆಗ ಮೋಶೆ, ನನ್ನ ಸಲುವಾಗಿ ನಿನಗ್ಯಾಕ ಹೊಟ್ಟೆಕಿಚ್ಚು ಅಂತ ತಿದ್ದಿದ. ಅಂದ್ರ ಮೊದಲ ಕೆಲಸ ಕೊಟ್ಟ, ಸನೇಕ ಇಟ್ಕೊಂಡ, ದಾರಿ ತಪ್ಪಿದಾಗ ತಿದ್ದಿದ, ಕಡೀಕ ಕೈ ಇಟ್ಟ. ನಾವು ಕಡೀದೊಂದ ಮಾಡಿ ಉಳದದ್ದೆಲ್ಲಾ ಬಿಡ್ತೇವಿ.

ಇನ್ನೊಂದು ಮಾತು ಹೇಳಿ ಬಿಡ್ತೇನಿ. ಇಷ್ಟೆಲ್ಲಾ ಪಡಕೊಂಡ ಯೆಹೋಶುವ ತನ್ನ ಹಿಂದ ಯಾರನ್ನ ನಿಲ್ಲಿಸಿದ? ಹುಡುಕಿ ನೋಡ್ರಿ, ಸಿಗಂಗಿಲ್ಲ. ನ್ಯಾಯಸ್ಥಾಪಕರು 2:10ಕ್ಕ ಬರೂದರಾಗ ಯೆಹೋವನನ್ನೂ ಅರಿಯದ, ಆತನ ಕೆಲಸಾನೂ ಅರಿಯದ ಇನ್ನೊಂದು ತಲೆಮಾರು ಎದ್ದಿತ್ತು. ಆ ವಚನ ಓದಿದಾಗೆಲ್ಲಾ ನನಗ ಎದಿ ಝಲ್ ಅಂತೈತಿ.

ಬಲ್ಮಠದ ಪಕ್ಕ:
ಮಾಸ್ಟ್ರು ಬೈಬಲಿನಿಂದ ಹೇಳಿದ್ರು, ನಾನು ನಮ್ಮ ಮಂಗಳೂರಿನದ್ದೇ ಹೇಳ್ತೇನೆ. ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿ ಮೋಗ್ಲಿಂಗ್ ಅಂದ ಕೂಡ್ಲೇ ಎಲ್ಲರಿಗೂ 1843ರ ಕನ್ನಡ ಪತ್ರಿಕೆ ಮಂಗಳೂರು ಸಮಾಚಾರ ನೆನಪಾಗ್ತದೆ, ಒಳ್ಳೇದೇ, ಆದ್ರೆ ಆ ಮನುಷ್ಯ ಊರಿನ ಹುಡುಗರನ್ನು ಸೇವೆಗೆ ತಯಾರು ಮಾಡಿದ್ದರ ಬಗ್ಗೆ ಮಾತಾಡುವವರು ಕಡಿಮೆ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಅಂತ ಯುವಕ ದೀಕ್ಷಾಸ್ನಾನ ತಗೊಂಡ್ರು. ಮೋಗ್ಲಿಂಗ್ ಅವರನ್ನು ತನ್ನೊಟ್ಟಿಗೇ ಯುರೋಪಿಗೆ ಕರ್ಕೊಂಡು ಹೋದ್ರು, ಬಾಸೆಲ್‌ನಲ್ಲಿ ಓದಿಸಿದ್ರು, 1851ರಲ್ಲಿ ಅಭಿಷೇಕ ಆಗಿ ಬಂದು ಮಂಗಳೂರಿನ ಸೆಮಿನರಿಯಲ್ಲೇ ಕೌಂಡಿನ್ಯರು ಪಾಠ ಮಾಡಿದ್ರು. 1847ರಲ್ಲಿ ಶುರುವಾದ ಅದೇ ಸೆಮಿನರಿ ಈಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಅಂದ್ರೆ ಕಲಿತವರೇ ಕಲಿಸುವ ಜಾಗಕ್ಕೆ ಬಂದ್ರು, ಅದೂ ಬಿಳಿಯರ ಕಾಲದಲ್ಲಿ. 1860ರಲ್ಲಿ ಹೆಂಡತಿಗೆ ಹುಷಾರಿಲ್ಲದೆ ಜರ್ಮನಿಗೆ ಹೋದ ಮೋಗ್ಲಿಂಗ್ ಮತ್ತೆ ಬರ್ಲೇ ಇಲ್ಲ. ಕೌಂಡಿನ್ಯರು 1893ರಲ್ಲಿ ತೀರಿಕೊಂಡ್ರು. ಗುರು ಹೋದ ಮೇಲೆ ಶಿಷ್ಯ ಮೂವತ್ತಕ್ಕೂ ಹೆಚ್ಚು ವರ್ಷ ಇದ್ರು ನೋಡಿ.

ಆದ್ರೆ ಇದಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನೂ ಹೇಳದಿದ್ರೆ ಸರಿ ಆಗೂದಿಲ್ಲ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಹಿಡಿದು ಕ್ಯಾಂಪಿಗೆ ಹಾಕಿ ಆಮೇಲೆ ದೇಶ ಬಿಡಿಸಿತು. ಸಭೆ ನಡೆಸುವ ಭಾರ ಊರಿನ ಪಾಸ್ಟರ್, ಹಿರಿಯರ ಹೆಗಲಿಗೆ ಬಿತ್ತು, ಅವರು ಹೊತ್ತರು ಕೂಡ. ಎಂಬತ್ತು ವರ್ಷ ಜೊತೆಗಿದ್ದೂ ದುಡ್ಡು ಮತ್ತು ದೊಡ್ಡ ನಿರ್ಧಾರಗಳನ್ನು ತಾವಾಗಿ ಬಿಟ್ಟುಕೊಡದೆ ಯುದ್ಧ ಬಂದು ಬಿಡಿಸಬೇಕಾಯ್ತಲ್ಲ ಅಂತ ನನಗೆ ಈಗಲೂ ಬೇಸರ. ನಿಮ್ಮ ಪಾಸ್ಟರು ಕೊಡುವುದಾದರೆ ಕೈಕಾಲು ಗಟ್ಟಿ ಇರುವಾಗಲೇ ಕೊಡಲಿ, ಆಸ್ಪತ್ರೆಯ ಮಂಚದಿಂದ ಅಲ್ಲ.

ವೈಟ್‌ಫೀಲ್ಡ್ ಬ್ರದರ್:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸೆರಾಂಪುರ್ ಸೆನೆಟ್‌ನ ಬಿ.ಡಿ., ಅಂದ್ರೆ ಥಿಯಾಲಜಿ ಪದವಿ, ಮಾಡಿರೋ ಒಬ್ಬರನ್ನ ಹೊರಗಿಂದ ತಗೊಳ್ಳಿ. ವಾಕ್ಯ ಸರಿಯಾಗಿ ಗೊತ್ತಿರುತ್ತೆ, ಊರಿನ ಗುಂಪುಗಾರಿಕೆ ಇರಲ್ಲ, ಯಾರ ಸಂಬಂಧಿಕರೂ ಅಲ್ಲ. ಇಲ್ಲೇ ಬೆಳೆದ ಹುಡುಗನಿಗೆ ಹಾಡೋಕೆ ಬರುತ್ತೆ ಅಂದ ಮಾತ್ರಕ್ಕೆ ಕುರುಬನ ಕೆಲಸ ಬರುತ್ತೆ ಅಂತ ಏನಿಲ್ಲ, ಸ್ಟೇಜ್ ಮೇಲೆ ನಿಂತಾಗ ಇರೋ ವರ ಬೇರೆ, ರಾತ್ರಿ ಹನ್ನೊಂದಕ್ಕೆ ಗಂಡ ಹೆಂಡತಿ ಜಗಳಕ್ಕೆ ಕರೆದಾಗ ಬೇಕಾಗೋ ತಾಳ್ಮೆ ಬೇರೆ.

ಪಾಸ್ಟರ್ ಮಗ:
ಈ ಥ್ರೆಡ್‌ನಲ್ಲಿ ಮಗನ ಮಾತು ಬಂತಲ್ಲ, ಅದಕ್ಕೆ ಬರೀತಿದೀನಿ. ನಾನು ಪಾಸ್ಟರ್ ಮಗ, ಅಪ್ಪ ಕರ್ತನಲ್ಲಿ ನಿದ್ರೆ ಹೋಗಿದಾರೆ. ಚಡ್ಡಿ ಹಾಕೋ ವಯಸ್ಸಿಂದ ಸಭೆಯವರು ನನ್ನನ್ನ "ಚಿಕ್ಕ ಪಾಸ್ಟರ್" ಅಂತಲೇ ಕರೆದಿದ್ದು, ಪ್ರೀತಿಯಿಂದಲೇ ಕರೆದಿದ್ದು, ನನಗೆ ಕರೆ ಇದೆಯಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಅಪ್ಪ ಒಬ್ಬರೇ ಕೇಳಿದ್ದು, ಪಿಯುಸಿ ಮುಗಿದಾಗ, ಇಲ್ಲ ಅಂದೆ, ಅವರು "ಸರಿ, ಹಾಗಾದ್ರೆ ಒಳ್ಳೆ ವಿಶ್ವಾಸಿ ಆಗಿರು" ಅಂದ್ರು, ಅಷ್ಟೇ. ಆ ಮಾತಿಗೆ ನಾನು ಇವತ್ತಿಗೂ ಋಣಿ. ಸಭೆಯ ಇನ್ನೊಬ್ಬರನ್ನ ಅವರು ತಯಾರು ಮಾಡಿದ್ರು, ಅವರೇ ಈಗ ನಡೆಸ್ತಿದಾರೆ, ನಾನು ಅವರ ಪ್ರಸಂಗ ಕೇಳ್ತಾ ಬೆಂಚ್ ಮೇಲೆ ಕೂರ್ತೀನಿ.

ಪ್ರವಾದಿ ಸಮುವೇಲನ್ನ ನೋಡಿ. ಯಾಜಕ ಏಲಿಯ ಮಕ್ಕಳು ಹೊಫ್ನಿ ಫೀನೆಹಾಸ ಹಾಳಾಗಿದ್ದನ್ನ ಹುಡುಗನಾಗಿದ್ದಾಗಲೇ ಕಣ್ಣಾರೆ ಕಂಡವನು, ಆ ಮನೆ ಮೇಲೆ ಬರೋ ನ್ಯಾಯತೀರ್ಪನ್ನ ತನ್ನ ಬಾಯಿಂದಲೇ ಏಲಿಗೆ ಹೇಳಿದವನು. ಅಂಥವನೇ ವಯಸ್ಸಾದಾಗ ತನ್ನ ಮಕ್ಕಳನ್ನ ಬೇರ್ಷೆಬದಲ್ಲಿ ನ್ಯಾಯಸ್ಥಾಪಕರಾಗಿ ಇಟ್ಟ, ಅವರು ಲಂಚ ತಿಂದ್ರು, ಅಲ್ಲಿಂದಲೇ ಜನ ಅರಸ ಬೇಕು ಅಂತ ಶುರು ಮಾಡಿದ್ದು. ಮೋಶೆಗೂ ಇಬ್ಬರು ಗಂಡು ಮಕ್ಕಳಿದ್ರು, ಗೇರ್ಷೋಮ, ಎಲೀಯೆಜೆರ, ಅವರನ್ನ ಬಿಟ್ಟು ಎಫ್ರಾಯೀಮ್ ಕುಲದ ಯೆಹೋಶುವನ ಮೇಲೆ ಕೈ ಇಟ್ಟ. ಮಗನಿಗೆ ನಿಜವಾಗಿ ಕರೆ ಇದ್ರೆ ಬರ್ಲಿ, ಸಂತೋಷ, ಮಗ ಅನ್ನೋದೇ ಅಡ್ಡಿ ಆಗಬಾರದು. ಆದ್ರೆ ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಹಬ್ಬಕ್ಕೆ ಬಂದು ಹೋಗೋನನ್ನ ಕಟ್ಟಡ ಮನೆತನದಲ್ಲೇ ಉಳೀಲಿ ಅಂತ ಎಳ್ಕೊಂಡು ಬಂದ್ರೆ ಅವನಿಗೂ ಅನ್ಯಾಯ, ಸಭೆಗೂ ಅನ್ಯಾಯ. ಮೊದಲು ಅವರನ್ನ ಫೋನ್ ಮಾಡಿ ಕೇಳಿದ್ರಾ?

ಕೀಬೋರ್ಡ್ ಹುಡುಗ:
ಅಣ್ಣ ಆ ಇಲ್ಲೇ ಬೆಳೆದ ಹುಡುಗನ ಜಾಗದಲ್ಲಿ ನಾನಿದೀನಿ, ಬೇರೆ ಊರು ಅಷ್ಟೇ. ನನಗೆ ಸಭೇಲಿ ಸಿಗೋ ಕೆಲಸ ಅಂದ್ರೆ ಮೈಕ್ ಸೆಟ್ ಮಾಡೋದು, ಹಾಡಿನ ಸ್ಲೈಡ್ ಹಾಕೋದು, ಯೂಟ್ಯೂಬ್ ಲೈವ್, ಕನ್ವೆನ್ಷನ್‌ಗೆ ಫ್ಲೆಕ್ಸ್, ಸ್ಪೀಕರ್‌ನ ಸ್ಟೇಷನ್‌ನಿಂದ ಕರ್ಕೊಂಡು ಬರೋದು. ಸಂತೋಷದಿಂದ ಮಾಡ್ತೀನಿ, ಎಲೀಷನೂ ತನ್ನ ಗುರು ಪ್ರವಾದಿ ಎಲೀಯನ ಕೈಗೆ ನೀರು ಹಾಕಿದವನೇ. ಆದ್ರೆ ಎಲೀಯ ಹೋಗೋ ಮುಂಚೆ ನಿಂತು, ನಿನಗೆ ನನ್ನಿಂದ ಏನಾಗಬೇಕು ಕೇಳು ಅಂದ ಅಲ್ವಾ. ಆ ಒಂದು ಪ್ರಶ್ನೆ ನಮ್ಮನ್ನ ಯಾರೂ ಕೇಳಿಲ್ಲ. ನನ್ನ ಪ್ರಾರ್ಥನೆ ಜೀವನ ಹೇಗಿದೆ, ಮನೇಲಿ ಸಾಲ ಎಷ್ಟಿದೆ, ನಾನು ಏನಕ್ಕೆ ಬೀಳ್ತೀನಿ ಏನಕ್ಕೆ ಏಳ್ತೀನಿ, ಯಾರಿಗೂ ಗೊತ್ತಿಲ್ಲ, ಪಾಸ್ಟರ್‌ಗೆ ನನ್ನ ನಂಬರ್ "ಸೌಂಡ್" ಅಂತ ಸೇವ್ ಆಗಿದೆ. ಕಲಿಸೋರು ಸಿಕ್ಕಿದ್ರೆ ಜೀವನಪೂರ್ತಿ ಇಲ್ಲೇ ಇರ್ತೀನಿ. ನನ್ನ ಜೊತೆಯವರು ಇಬ್ಬರು ಆಗಲೇ ಬೇರೆ ದೊಡ್ಡ ಸಭೆಗೆ ಹೋದ್ರು, ಅಲ್ಲಿ ವಾರಕ್ಕೊಂದು ದಿನ ಒಬ್ಬ ಹಿರಿಯರು ಅವರ ಜೊತೆ ಕೂತು ವಾಕ್ಯ ಓದ್ತಾರಂತೆ, ಅಷ್ಟಕ್ಕೇ ಹೋದ್ರು.

ಹಾಸನದ ಅಕ್ಕ:
ತಮ್ಮಾ, ನೀನು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ನಿನ್ನ ನಂಬರ್ ಯಾವ ಹೆಸರಲ್ಲಿದ್ರೂ ದೇವರಿಗೆ ನಿನ್ನ ಹೆಸರು ಗೊತ್ತು. ಆದ್ರೂ ಒಂದು ಮಾತು, ಪೌಲ ಯೌವನವನ್ನ ಯಾರೂ ಅಸಡ್ಡೆ ಮಾಡದ ಹಾಗೆ ನಡ್ಕೋ ಅಂತ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಅದೇ ಪತ್ರದಲ್ಲೇ, ಹೊಸಬನನ್ನ ಸಭೆಯ ಅಧ್ಯಕ್ಷನನ್ನಾಗಿ ಮಾಡಬೇಡ, ಅವಸರದಲ್ಲಿ ಯಾರ ತಲೆ ಮೇಲೂ ಕೈ ಇಡಬೇಡ ಅಂತಲೂ ಬರೆದಿದಾನೆ. ಎರಡೂ ಬೇಕು. ಕಾಯಿಸೋದು ಬೇರೆ, ಕಾಯಿಸ್ತಾ ಕಲಿಸೋದು ಬೇರೆ.

ನಾವು ಸಿಎಸ್ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದವರು, ನಮ್ಮಲ್ಲಿ ಅಯ್ಯನವರು (ಪಾಸ್ಟರ್) ಕೆಲವು ವರ್ಷಕ್ಕೆ ವರ್ಗ ಆಗಿ ಹೋಗ್ತಾರೆ, ಹೊಸಬರು ಬರ್ತಾರೆ. ಹಾಗಾಗಿ ಸಭೆಯ ಬೇರು ಇರೋದು ಅಲ್ಲೇ ಉಳಿಯೋ ಹಿರಿಯರು, ಸಂಡೇ ಸ್ಕೂಲ್ ಟೀಚರ್‌ಗಳು, ಸ್ತ್ರೀಯರ ಕೂಟದವರ ಹತ್ರ. ನನಗೆ ಕಲಿಸಿದ್ದು ಒಬ್ಬ ಸಂಡೇ ಸ್ಕೂಲ್ ಟೀಚರಮ್ಮ, ಗಂಡ ಇಲ್ಲದವರು, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್. ಅದರಲ್ಲಿ ಮನೆ ಮನೆಯದ್ದೂ ಇತ್ತು, ಯಾರಿಗೆ ಆಪರೇಷನ್ ಆಗಿದೆ, ಯಾರ ಮಗು ತೀರಿಹೋದ ತಾರೀಖು ಯಾವುದು, ಯಾರು ಕುಡಿಯೋದು ಬಿಟ್ಟು ಎಷ್ಟು ತಿಂಗಳಾಯ್ತು. ಸಾವಿನ ಮನೆಗೆ ಮೊದಲನೇ ಸಲ ನನ್ನನ್ನ ಕರ್ಕೊಂಡು ಹೋದಾಗ ದಾರೀಲಿ ಹೇಳಿದ್ರು, ಹೋದ ತಕ್ಷಣ ಬೈಬಲ್ ತೆಗೀಬೇಡ, ಚಾಪೆ ಮೇಲೆ ಕೂತ್ಕೋ, ಅವರು ಅತ್ತು ಮುಗೀಲಿ, ಮಕ್ಕಳು ಏನಾದ್ರೂ ತಿಂದ್ರಾ ಅಂತ ಕೇಳು, ಒಲೆ ಹಚ್ಚಿಲ್ಲ ಅಂದ್ರೆ ಯಾರ ಮನೆಯಿಂದ ಊಟ ಬರುತ್ತೆ ಅಂತ ನೋಡು, ಮಣ್ಣಾಗಿ ಮೂರನೇ ವಾರಕ್ಕೆ ಮತ್ತೆ ಬಾ, ಅಷ್ಟೊತ್ತಿಗೆ ನೆಂಟರೆಲ್ಲ ಹೋಗಿರ್ತಾರೆ, ಆಗ ಓದು ಕೀರ್ತನೆ. ಇದನ್ನ ಯಾವ ಕ್ಲಾಸಲ್ಲಿ ಹೇಳಿಕೊಡ್ತಾರೆ? ಕಣ್ಣು ಮಂಜಾದ ಮೇಲೆ ಆ ನೋಟ್‌ಬುಕ್ ನನ್ನ ಕೈಗೆ ಕೊಟ್ರು, ಕೊಡೋ ಮುಂಚೆ ಪ್ರತಿ ಮನೆಗೂ ನನ್ನ ಜೊತೆ ಬಂದು "ಇನ್ಮೇಲೆ ಇವಳು ಬರ್ತಾಳೆ" ಅಂತ ಹೇಳಿದ್ರು.

ಅಪೊಲ್ಲೋಸ ಅನ್ನೋ ಬೋಧಕನನ್ನ ಪ್ರಿಸ್ಕಿಲ್ಲ ಅಕ್ವಿಲ ದಂಪತಿ ತಿದ್ದಿದ್ದು ಹೇಗೆ? ಸಭಾಮಂದಿರದಲ್ಲಿ ಎಲ್ಲರ ಮುಂದೆ ಮಾನ ಕಳೀಲಿಲ್ಲ, ತಮ್ಮ ಹತ್ರ ಕರ್ಕೊಂಡು ಹೋಗಿ ಇನ್ನೂ ಚೆನ್ನಾಗಿ ವಿವರಿಸಿದ್ರು. ತಿಮೊಥೆಯನ ನಂಬಿಕೆ ಮೊದಲು ಇದ್ದದ್ದು ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ. ಮುಂದೆ ಯಾರು ಅಂತ ಹುಡುಕುವಾಗ ನಿಮ್ಮ ಕಮಿಟಿ ಕಣ್ಣು ಗಂಡಸರ ಬೆಂಚ್ ಕಡೆ ಮಾತ್ರ ಹೋಗ್ತಿದೆ ಅನ್ಸುತ್ತೆ. ಸಿಎಸ್ಐನಲ್ಲಿ 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತ ಅಮ್ಮನವರು ಬಿಷಪ್ ಆದ್ರು, ಮೊದಲ ಮಹಿಳಾ ಬಿಷಪ್. ಸ್ತ್ರೀಯರ ಕೂಟ ನಡೆಸ್ತಿರೋ ಅಮ್ಮಂದಿರನ್ನ ಒಂದ್ಸಲ ಕೂರಿಸಿ ಕೇಳಿ, ಯಾರ ಮನೇಲಿ ಏನಿದೆ ಅಂತ ನಿಮ್ಮ ಕಮಿಟಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತೆ.

ಉಡುಪಿ ಕಡೆಯವ:
ನಾನು ಕಥೋಲಿಕ. ನಮ್ಮಲ್ಲಿ ಯಾರು ಮುಂದೆ ಅನ್ನುವ ಜಗಳ ಅಷ್ಟಾಗಿ ಇಲ್ಲ, ಧರ್ಮಪ್ರಾಂತ್ಯದವರು ಕಳಿಸ್ತಾರೆ, ಬಿಷಪರು 75 ತುಂಬಿದಾಗ ರಾಜೀನಾಮೆ ಪತ್ರವನ್ನು ಪೋಪರಿಗೆ ಕೊಡಬೇಕು ಅಂತ ನಿಯಮವೇ ಉಂಟು. ಅದರಿಂದ ಒಂದು ಒಳ್ಳೇದು, ಕುರ್ಚಿ ಯಾರ ಸ್ವಂತದ್ದೂ ಅಲ್ಲ ಅನ್ನೋದು ಜನಕ್ಕೆ ಗೊತ್ತು. ಆದ್ರೆ ಕುರ್ಚಿ ಬದಲಾದ ಮಾತ್ರಕ್ಕೆ ಮನುಷ್ಯ ತಯಾರಾಗಿರೂದಿಲ್ಲ ಅನ್ನೋದು ನಮಗೂ ಗೊತ್ತು. ಸೆಮಿನರಿಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಆತ್ಮಿಕ ಮಾರ್ಗದರ್ಶಿ ಫಾದರ್ ಇರ್ತಾರೆ, ಪರೀಕ್ಷೆಯ ಮಾರ್ಕಿಗೂ ಅವರಿಗೂ ಸಂಬಂಧ ಇಲ್ಲ, ಒಳಗಿನದ್ದು ಹೇಳಿಕೊಳ್ಳಲಿಕ್ಕೆ ಮಾತ್ರ. ಕೀಬೋರ್ಡ್ ತಮ್ಮನಿಗೆ ಬೇಕಾದದ್ದು ಅದೇ ಅಂತ ಕಾಣ್ತದೆ.

ಮಸ್ಕತ್ ಕನ್ನಡಿಗ:
ಗಲ್ಫ್‌ನಲ್ಲಿ ನಮ್ಮ ಕನ್ನಡ ಕೂಟದ ಕಥೆನೇ ಬೇರೆ. ಇಲ್ಲಿ ಯಾರ ವೀಸಾ ಯಾವಾಗ ಕ್ಯಾನ್ಸಲ್ ಆಗುತ್ತೋ ಗೊತ್ತಿಲ್ಲ, ನಡೆಸೋರು ಒಂದು ತಿಂಗಳ ನೋಟಿಸಲ್ಲಿ ಊರಿಗೆ ಹೋಗಿಬಿಡ್ತಾರೆ. ಅದಕ್ಕೇ ನಮ್ಮಲ್ಲಿ ಮೊದಲಿಂದಲೂ ಒಂದು ಅಭ್ಯಾಸ, ಯಾವ ಕೆಲಸನೂ ಒಬ್ಬರೇ ಮಾಡಂಗಿಲ್ಲ. ವಾಕ್ಯ ಹೇಳೋರ ಪಕ್ಕ ಒಬ್ಬ ಕಲಿಯೋನು, ಲೇಬರ್ ಕ್ಯಾಂಪ್ ಭೇಟಿಗೆ ಹೋದ್ರೆ ಇಬ್ಬರು, ಕಾಣಿಕೆ ಎಣಿಸೋಕೆ ಇಬ್ಬರು. ಎಲೆಕ್ಟ್ರಿಷಿಯನ್, ಡ್ರೈವರ್, ನರ್ಸ್‌ಗಳೇ ಎಲ್ಲರೂ, ಥಿಯಾಲಜಿ ಯಾರೂ ಓದಿಲ್ಲ, ಆದ್ರೂ ಕೂಟ ನಿಂತಿಲ್ಲ. ಊರಿನ ಸಭೆಗಳಲ್ಲಿ ಪಾಸ್ಟರ್ ಎಲ್ಲೂ ಹೋಗಲ್ಲ ಅನ್ನೋ ಧೈರ್ಯಕ್ಕೇ ತಯಾರಿ ಮಾಡಲ್ಲ ಅನ್ಸುತ್ತೆ.

ಕೋಟೆ ಊರಿನ ಓದುಗ:
ಕೊಟ್ಟ ಮೇಲೆ ಹಿರಿಯರು ಏನ್ ಮಾಡಬೇಕು ಅನ್ನೋದನ್ನ ಯಾರೂ ಬರೆದಿಲ್ಲ. ಬಾರ್ನಬನ್ನ ನೋಡಿ. ತಾರ್ಸಕ್ಕೆ ಹೋಗಿ ಸೌಲನ್ನ, ಅಂದ್ರೆ ಮುಂದೆ ಪೌಲ ಅನ್ನಿಸಿಕೊಂಡವನನ್ನ, ಹುಡುಕಿ ಅಂತಿಯೋಕ್ಯಕ್ಕೆ ಕರ್ಕೊಂಡು ಬಂದವನು ಅವನೇ, ಒಂದು ವರ್ಷ ಜೊತೆಲೇ ಕಲಿಸಿದ್ರು. ಅಪೊಸ್ತಲರ ಕೃತ್ಯಗಳು 13 ಶುರುವಾಗುವಾಗ "ಬಾರ್ನಬ ಮತ್ತು ಸೌಲ", ಅದೇ ಅಧ್ಯಾಯ ಮುಗಿಯೋದ್ರಲ್ಲಿ ಪೌಲನ ಹೆಸರು ಮುಂದೆ ಬಂದಿದೆ. ಬಾರ್ನಬ ಬೇಜಾರು ಮಾಡ್ಕೊಂಡ ಅಂತ ಒಂದು ಸಾಲೂ ಇಲ್ಲ. ಆಮೇಲೆ ಜೊತೆಗೆ ಸೇವೆಗೆ ಬಂದಿದ್ದ ಮಾರ್ಕನ ವಿಷಯಕ್ಕೆ ಇಬ್ಬರೂ ಜೋರಾಗಿ ಜಗಳ ಆಡಿ ಬೇರೆಯಾದ್ರು, ಪಂಫುಲ್ಯದಲ್ಲಿ ಬಿಟ್ಟು ಹೋದವನು ಬೇಡ ಅಂತ ಪೌಲ, ಇನ್ನೊಂದು ಅವಕಾಶ ಕೊಡೋಣ ಅಂತ ಬಾರ್ನಬ. ಕೊನೇ ಪತ್ರದಲ್ಲಿ ಪೌಲನೇ, ಮಾರ್ಕನ್ನ ಕರ್ಕೊಂಡು ಬಾ, ನನಗೆ ಉಪಯೋಗಕ್ಕೆ ಬರ್ತಾನೆ ಅಂತ ಬರೀತಾನೆ. ಆ ಮಾರ್ಕನ್ನ ಉಳಿಸಿಕೊಟ್ಟವನು ಬಾರ್ನಬ.

ನಮ್ಮ ದಕ್ಷಿಣ ಭಾರತದಲ್ಲಿ ವಿ.ಎಸ್. ಅಜರಾಯ ಅವರದ್ದೂ ನೆನಪು ಮಾಡ್ಕೋಬೇಕು. 1910ರಲ್ಲಿ ಎಡಿನ್‌ಬರೋದಲ್ಲಿ ಪ್ರಪಂಚದ ಮಿಶನರಿಗಳೆಲ್ಲ ಸೇರಿದ್ದಾಗ ಈ ತಿರುನೆಲ್ವೇಲಿಯ ಮನುಷ್ಯ ಎದ್ದು ನಿಂತು, ನೀವು ಬಡವರಿಗೆ ಕೊಟ್ಟಿದೀರಿ, ಪ್ರಾಣವನ್ನೂ ಕೊಟ್ಟಿದೀರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನ ಕೊಡಿ ಅಂತ ಕೇಳಿದ್ರು. ಕೆಲವರಿಗೆ ಸಿಟ್ಟು ಬಂತು. ಆದ್ರೆ ಮದ್ರಾಸಿನ ಬಿಷಪ್ ವೈಟ್‌ಹೆಡ್ ಇವರ ಹಿಂದೆ ನಿಂತ್ರು, ವಿರೋಧ ಇದ್ರೂ ಬಿಡಲಿಲ್ಲ, 1912ರಲ್ಲಿ ದೋರ್ಣಕಲ್‌ಗೆ ಅಜರಾಯ ಬಿಷಪ್ ಆದ್ರು, ಆಂಗ್ಲಿಕನ್ ಸಭೆಯಲ್ಲಿ ಮೊದಲ ಭಾರತೀಯ ಬಿಷಪ್. ನಿಮ್ಮ ಪಾಸ್ಟರ್ ಅವರಿಗೂ ಇದನ್ನೇ ಹೇಳಿ, ನೀವು ಹೋಗಿ ಅಂತ ಕೇಳ್ತಿಲ್ಲ, ಮುಂದೆ ಬರೋನಿಗೆ ಸ್ನೇಹಿತರಾಗಿ ಪಕ್ಕದಲ್ಲಿ ಇರಿ ಅಂತ ಕೇಳ್ತಿದೀವಿ ಅಂತ.

ತುಂಗಭದ್ರಾ ದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಒಂದೊಂದನ್ನೂ ಓದಿದೆ. ಮೊದಲು ಬೆಂಗಳೂರಲ್ಲಿರೋ ನಮ್ಮ ಪಾಸ್ಟರ್ ಮಗನಿಗೆ ಫೋನ್ ಮಾಡಿದೆ, ಅವರು ನಕ್ಕು, "ನನ್ನನ್ನ ಯಾರೂ ಕೇಳಿಲ್ಲ, ನಾನು ಬರಲ್ಲ, ಅಪ್ಪನಿಗೂ ಗೊತ್ತು" ಅಂದ್ರು. ಅಲ್ಲಿಗೆ ಒಂದು ಗುಂಪಿನ ಮಾತು ಮುಗೀತು. ಆಮೇಲೆ ಧೈರ್ಯ ಮಾಡಿ ಪಾಸ್ಟರ್ ಮನೆಗೆ ಹೋಗಿ ಮಾಸ್ತರ್ ಬರೆದಿದ್ದನ್ನ, ಹಾಸನದ ಅಕ್ಕ ಬರೆದಿದ್ದನ್ನ ಓದಿ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಪಾಸ್ಟರಮ್ಮನೇ ಒಳಗಿಂದ ಬಂದು ಹೇಳಿದ್ರು, "ಅವರು ಬಿಟ್ಟುಕೊಟ್ರೆ ನಾವು ಎಲ್ಲಿರೋದು ಅಂತ ಯಾರಾದ್ರೂ ಯೋಚನೆ ಮಾಡಿದೀರಾ? ಈ ಮನೆ ಸಭೆದು, ಮಾತ್ರೆ ದುಡ್ಡು ಕಾಣಿಕೆಯಿಂದ, ಪಿಎಫ್ ಇಲ್ಲ ಪೆನ್ಷನ್ ಇಲ್ಲ". ನಿಜ ಹೇಳ್ಬೇಕಂದ್ರೆ ಕಮಿಟೀಲಿ ಇಷ್ಟು ದಿನ ಚರ್ಚೆ ಆದ್ರೂ ಈ ಮಾತು ಒಬ್ಬರ ಬಾಯಲ್ಲೂ ಬಂದಿಲ್ಲ. ಅಧಿಕಾರದ ಆಸೆ ಅಂತ ಕೆಲವರು ಮಾತಾಡ್ತಿದ್ರಲ್ಲ, ಅದು ಅಲ್ಲವೇ ಅಲ್ಲ.

ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಕಮಿಟಿ ಇದೆ. ಹುಡುಗನ ವಿಷಯಕ್ಕೆ ಪಾಸ್ಟರ್ ಅವರೇ ಒಂದು ಹೇಳಿದ್ರು, ಅವನು ನನ್ನ ಜೊತೆ ವಾರಕ್ಕೆ ಎರಡು ದಿನ ಮನೆ ಭೇಟಿಗೆ ಬರ್ಲಿ, ಬೈಕ್ ಅವನು ಓಡಿಸ್ಲಿ, ಪ್ರಾರ್ಥನೆನೂ ಅವನೇ ಮಾಡ್ಲಿ, ನೋಡ್ತೀನಿ ಅಂತ. ಬ್ರದರ್ ಹೇಳಿದ ಹಾಗೆ ಅವನಿಗೆ ಥಿಯಾಲಜಿ ಓದಿಸೋ ಯೋಚನೆನೂ ಇದೆ, ಕೆಲಸ ಮಾಡ್ತಾ ಓದೋ ಕೋರ್ಸ್ ಯಾವುದಾದ್ರೂ ನೋಡ್ಬೇಕು. ಕಮಿಟಿ ಮುಂದೆ ಇದನ್ನೆಲ್ಲ ಹೇಗೆ ಇಡಲಿ?

ಬಲ್ಮಠದ ಪಕ್ಕ:
ಪಾಸ್ಟರಮ್ಮ ಹೇಳಿದ್ದೇ ಮೊದಲನೇ ವಿಷಯ ಆಗಲಿ ಮಾರಾಯ್ರೆ, ಮಿಕ್ಕಿದ್ದು ಆಮೇಲೆ. ಅವರಿಬ್ಬರೂ ಇರುವ ತನಕ ಆ ಮನೆ ಅವರಿಗೇ, ತಿಂಗಳಿಗೆ ಇಂತಿಷ್ಟು, ಆಸ್ಪತ್ರೆ ಖರ್ಚು ಸಭೆಯದ್ದು ಅಂತ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಬಾಯಿಮಾತು ಬೇಡ, ನಾಳೆ ಕಮಿಟಿ ಬದಲಾಗ್ತದೆ. ಹೊಸಬರಿಗೆ ಬೇರೆ ಬಾಡಿಗೆ ಮನೆ ನೋಡುವುದಕ್ಕೆ ಈಗಿಂದಲೇ ಸ್ವಲ್ಪ ಎತ್ತಿಡಿ. ಬ್ಯಾಂಕಿನಲ್ಲಿ ಪಾಸ್ಟರ ಹೆಸರು ತೆಗೀಬೇಡಿ, ನಿಮ್ಮದೂ ಇನ್ನೊಬ್ಬ ಹಿರಿಯರದ್ದೂ ಸೇರಿಸಿ ಇಬ್ಬರ ಸಹಿ ಬೇಕು ಅಂತ ಮಾಡಿಸಿ. ಜಾಗದ ಪತ್ರ ಯಾರ ಹೆಸರಿನಲ್ಲಿ ಉಂಟು ಅಂತಲೂ ನೋಡಿ, ಪಾಸ್ಟರ ಸ್ವಂತ ಹೆಸರಿನಲ್ಲಿದ್ರೆ ಅವರು ಗಟ್ಟಿ ಇರುವಾಗಲೇ ಒಬ್ಬ ಒಳ್ಳೆ ವಕೀಲರನ್ನು ಕೇಳಿ ಟ್ರಸ್ಟಿಗೆ ಮಾಡಿಸುವುದು ಒಳ್ಳೇದು.

ಧಾರವಾಡದ ಮಾಸ್ತರ:
ಅದರ ಜೋಡಿ ಹುಡುಗಗ ತಿಂಗಳಿಗೊಂದು ಐತವಾರ ಪ್ರಸಂಗ ಕೊಡ್ರಿ, ಪಾಸ್ಟರ್ ಎದುರಿಗೆ ಮೊದಲನೇ ಬೆಂಚಿನ ಮ್ಯಾಲೆ ಕುಂದ್ರಲಿ, ಮುಗದ ಮ್ಯಾಲೆ ಚಾ ಕುಡಕೋತ ಇಬ್ಬರ ಕೂತು ಮಾತಾಡ್ಲಿ, ಕಮಿಟಿಯವರು ಆ ಹೊತ್ತಿನಾಗ ಅಲ್ಲಿಗೆ ಹೋಗಬ್ಯಾಡ್ರಿ. ಐತವಾರ ಕಮಿಟಿ ಆದ ಮ್ಯಾಲೆ ಏನಾತು ಬರೀರಿ ತಮ್ಮಾ, ನಾ ಇಲ್ಲಿ ಪ್ರಾರ್ಥನಾದಾಗ ಇರ್ತೇನಿ.